ಆ ಚಿತ್ರಗಳ ಕೆಳಗೆ ನಾಲ್ಕು ಸಾಲು ಬರೆಯಿರಿ: ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಕನ್ನಡದ ಪತ್ರಿಕೆ, ಪುಸ್ತಕ, ವಿಡಿಯೊಗಳ ಮಾನ್ಯ ಸಂಪಾದಕರಿಗೆ, ಪುಟ ಕಟ್ಟುವವರಿಗೆ, ಥಂಬ್‌ನೇಲ್ ಮಾಡುವವರಿಗೆ,

ನಮಸ್ಕಾರ.

ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಈ ಪತ್ರದಲ್ಲಿ ಯಾರ ಹೆಸರನ್ನೂ ಎತ್ತುವುದಿಲ್ಲ. ಯಾರೋ ಒಬ್ಬರ ತಪ್ಪಾಗಿದ್ದರೆ ಅವರಿಗೇ ಒಂದು ಮೇಲ್ ಹಾಕಿ ಸುಮ್ಮನಾಗುತ್ತಿದ್ದೆ. ಇದು ಎಲ್ಲರೂ ಮಾಡುತ್ತಿರುವ ಕೆಲಸ, ಅದಕ್ಕೇ ಎಲ್ಲರಿಗೂ ಕೇಳುವ ಹಾಗೆ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಗುಲಾಮಗಿರಿಯ ಬಗ್ಗೆ ಕನ್ನಡದಲ್ಲಿ ಏನೇ ಬಂದರೂ ಪಕ್ಕದಲ್ಲಿ ಒಂದು ಹಳೇ ಕಾಲದ ಚಿತ್ರ ಬಂದೇ ಬರುತ್ತದೆ. ಪಕ್ಕೆಲುಬಿಗೆ ಕೊಕ್ಕೆ ಸಿಕ್ಕಿಸಿ ಗಲ್ಲುಗಂಬಕ್ಕೆ ತೂಗುಹಾಕಿದ ಕಪ್ಪು ಮನುಷ್ಯನ ಚಿತ್ರ. ಇಲ್ಲವೇ ಎರಡೂ ಕೈ ಮೇಲೆತ್ತಿ ಮರಕ್ಕೆ ಕಟ್ಟಿರುವ, ಮೈಮೇಲೆ ಹರಿದ ಚಿಂದಿಯೊಂದು ಬಿಟ್ಟು ಏನೂ ಇಲ್ಲದ ಹುಡುಗಿಯ ಚಿತ್ರ. ನೀವೂ ನೋಡಿರುತ್ತೀರಿ. ನೀವೇ ಹಾಕಿಯೂ ಇರುತ್ತೀರಿ.

ಇತ್ತೀಚೆಗೆ ನನ್ನ ಕಣ್ಣಿಗೆ ಬಿದ್ದ ಮೂರನ್ನು ಹೇಳುತ್ತೇನೆ. ಒಂದು ಲೇಖನ ಅಮೆರಿಕದ ಹತ್ತಿ ತೋಟಗಳ ಬಗ್ಗೆ, ಲಿಂಕನ್ ಬಗ್ಗೆ. ಬರಹ ಚೆನ್ನಾಗಿಯೇ ಇತ್ತು. ಅದರ ನಡುವೆ ಆ ಕೊಕ್ಕೆಯ ಚಿತ್ರ, ಕೆಳಗೆ 'ಅಮೆರಿಕದಲ್ಲಿ ಗುಲಾಮರ ಸ್ಥಿತಿ' ಅಂತ ಅಡಿಬರಹ. ಮೂಲ ಚಿತ್ರದಲ್ಲಿ ಹಿಂದೆ ಕಂಬಗಳ ಮೇಲೆ ತಲೆಬುರುಡೆ ಇವೆ, ದೂರದಲ್ಲಿ ಒಂದು ಹಡಗಿದೆ. ಜಾಗ ಸಾಲದೆ ಅದನ್ನೆಲ್ಲ ಕತ್ತರಿಸಿ ಮನುಷ್ಯನನ್ನಷ್ಟೇ ಉಳಿಸಿಕೊಂಡಿದ್ದರು. ಎರಡನೆಯದು ಒಂದು ವಿಡಿಯೊ. ಥಂಬ್‌ನೇಲಿನಲ್ಲಿ ಆ ಮರಕ್ಕೆ ಕಟ್ಟಿದ ಹುಡುಗಿ, ಅವಳ ಸುತ್ತ ಕೆಂಪು ವೃತ್ತ, ಪಕ್ಕದಲ್ಲಿ ಬಾಯಿ ತೆರೆದುಕೊಂಡ ನಿರೂಪಕ. ಮೂರನೆಯದು ಒಂದು ಭಾನುವಾರದ ಪುರವಣಿ ಬರಹ, ಬಿಳಿ ಸೈನಿಕ ಮತ್ತು ಗುಲಾಮ ಹುಡುಗಿಯ 'ಅಮರ ಪ್ರೇಮ'ದ ಕತೆ, ಜೊತೆಗೆ ಅವಳ ಭಾವಚಿತ್ರ.

ಮೂರೂ ಚಿತ್ರ ಒಂದೇ ಪುಸ್ತಕದವು. ಮೂರರಲ್ಲಿ ಎಲ್ಲೂ ಆ ಪುಸ್ತಕದ ಹೆಸರಿರಲಿ, ಆ ದೇಶದ ಹೆಸರೂ ಸರಿಯಾಗಿರಲಿಲ್ಲ. ಸೆಕೆಂಡ್ ಪಿಯು ಹುಡುಗನೊಬ್ಬ ಮೊಬೈಲ್ ತಂದು ತೋರಿಸಿ 'ಮಿಸ್, ಇದು ನಿಜವಾಗ್ಲೂ ನಡೆದಿದ್ದಾ, ಇಲ್ಲ ಸುಮ್ನೆ ಬರೆದಿದ್ದಾ?' ಅಂತ ಕೇಳಿದ. ಒಳ್ಳೆ ಪ್ರಶ್ನೆ ಅಲ್ವಾ? ಆ ಅಡಿಬರಹ ಓದಿದರೆ ಅದಕ್ಕೆ ಉತ್ತರ ಸಿಗುವುದಿಲ್ಲ. ಸಿಗಬೇಕಿತ್ತು ಅನ್ನುವುದೇ ನನ್ನ ದೂರು.

ಹಾಗಾಗಿ ಮೊದಲು ಆ ಪುಸ್ತಕ ಯಾರದು ಅಂತ ಹೇಳಿಬಿಡುತ್ತೇನೆ. ಬರೆದವನು ಜಾನ್ ಗೇಬ್ರಿಯಲ್ ಸ್ಟೆಡ್‌ಮನ್. ಹುಟ್ಟಿದ್ದು 1744ರಲ್ಲಿ. ಅಪ್ಪ ಸ್ಕಾಟ್ಲೆಂಡಿನವನು, ಅಮ್ಮ ಡಚ್ಚರವಳು. ಡಚ್ಚರ ಸಂಬಳದಲ್ಲಿ ಸ್ಕಾಟ್ ಸೈನಿಕರ ಒಂದು ದಳವಿತ್ತು, ಅಪ್ಪನೂ ಅದರಲ್ಲೇ ಇದ್ದ, ಮಗನೂ ಅದರಲ್ಲೇ ಸೇರಿದ. ದಕ್ಷಿಣ ಅಮೆರಿಕದ ಉತ್ತರ ತುದಿಯಲ್ಲಿ ಸುರಿನಾಮ್ ಅಂತ ಡಚ್ಚರ ವಸಾಹತು. (1667ರ ಒಪ್ಪಂದದಲ್ಲಿ ಡಚ್ಚರು ಇದನ್ನು ಇಟ್ಟುಕೊಂಡು ಇಂಗ್ಲಿಷರಿಗೆ ಈಗಿನ ನ್ಯೂಯಾರ್ಕನ್ನು ಬಿಟ್ಟುಕೊಟ್ಟರು. ಆಗ ಅವರಿಗೆ ಸಕ್ಕರೆ ಬೆಳೆಯುವ ನೆಲವೇ ದೊಡ್ಡದಾಗಿ ಕಂಡಿತ್ತು.) ಕಬ್ಬು, ಕಾಫಿ, ಕೋಕೋ, ಹತ್ತಿ, ಎಲ್ಲವನ್ನೂ ಬೆಳೆಯುತ್ತಿದ್ದದ್ದು ಆಫ್ರಿಕದಿಂದ ಹಿಡಿದು ತಂದ ಜನ. ಸಿಕ್ಕಿದ ಸಂದಿಯಲ್ಲಿ ಅವರು ತೋಟ ಬಿಟ್ಟು ಕಾಡು ಸೇರುತ್ತಿದ್ದರು. ಕಾಡಿನೊಳಗೆ ಊರು ಕಟ್ಟಿಕೊಂಡು, ಭತ್ತ ಬೆಳೆದುಕೊಂಡು, ರಾತ್ರಿ ಬಂದು ತೋಟಗಳ ಮೇಲೆ ದಾಳಿ ಮಾಡಿ ಉಳಿದವರನ್ನೂ ಬಿಡಿಸಿಕೊಂಡು ಹೋಗುತ್ತಿದ್ದರು. ಇವರನ್ನು ಮರೂನರು ಅನ್ನುತ್ತಾರೆ. ಮರೂನರಲ್ಲೇ 1760ರಲ್ಲಿ ಎನ್‌ಜುಕಾ ಜನರ ಜೊತೆ, 1762ರಲ್ಲಿ ಸರಮಾಕಾ ಜನರ ಜೊತೆ ಡಚ್ಚರು ಒಪ್ಪಂದ ಮಾಡಿಕೊಂಡು ಅವರ ಸ್ವಾತಂತ್ರ್ಯ ಒಪ್ಪಬೇಕಾಯಿತು. ಆದರೆ ಬೋನಿ ಅನ್ನುವ ನಾಯಕನ ಗುಂಪಿನ ಜೊತೆ ಒಪ್ಪಂದ ಆಗಲಿಲ್ಲ, ಯುದ್ಧ ನಡೆಯಿತು. ಆ ಯುದ್ಧಕ್ಕೆ ಯುರೋಪಿನಿಂದ ತಂದ ಪಡೆಯಲ್ಲಿ ನಮ್ಮ ಸ್ಟೆಡ್‌ಮನ್ ಒಬ್ಬ ಕ್ಯಾಪ್ಟನ್. 1773ರ ಶುರುವಿನಲ್ಲಿ ಬಂದಿಳಿದ, 1777ರಲ್ಲಿ ವಾಪಸ್ ಹೊರಟ.

ಇದನ್ನು ಯಾಕೆ ಇಷ್ಟು ಹೇಳಿದೆ ಅಂದರೆ, ನೀವು ಹಾಕುವ ಚಿತ್ರ ಬರೆದ ಮನುಷ್ಯ ಅಲ್ಲಿಗೆ ಹೋಗಿದ್ದು ಗುಲಾಮರ ಕಷ್ಟ ನೋಡಿ ಬರೆಯೋಣ ಅಂತ ಅಲ್ಲ. ತಪ್ಪಿಸಿಕೊಂಡವರನ್ನು ಬೇಟೆಯಾಡಲು ಹೋಗಿದ್ದ. ಕೈಯಲ್ಲಿ ಬಂದೂಕು ಇತ್ತು, ಅದರ ಜೊತೆ ಕುಂಚವೂ ಇತ್ತು. ಬೇಟೆಗೆ ಹೋದವನೇ ಸಾಕ್ಷಿಯಾಗಿದ್ದು ಈ ಪುಸ್ತಕದ ವಿಚಿತ್ರ, ಅದರ ತೂಕ ಇರುವುದೂ ಅಲ್ಲೇ. ಅದನ್ನು ಬಿಟ್ಟು ಚಿತ್ರವನ್ನಷ್ಟೇ ಕಿತ್ತು ಹಾಕಿದರೆ, ಅವನು ಯಾರೋ ದಯಾಳು ಪ್ರವಾಸಿ ಅನ್ನುವ ಹಾಗಾಗುತ್ತದೆ.

ಪುಸ್ತಕ ಬಂದಿದ್ದು 1796ರಲ್ಲಿ, ಲಂಡನ್ನಿನಲ್ಲಿ, ಎರಡು ಸಂಪುಟ, 80ರಷ್ಟು ಚಿತ್ರ. ಸ್ಟೆಡ್‌ಮನ್ ಬರೆದುಕೊಂಡು ಬಂದಿದ್ದ ಚಿತ್ರಗಳನ್ನು ನೋಡಿ ಬೇರೆ ಬೇರೆ ಕಲಾವಿದರು ತಾಮ್ರದ ತಗಡಿನ ಮೇಲೆ ಕೊರೆದರು. ಅವರಲ್ಲಿ ಒಬ್ಬ ವಿಲಿಯಂ ಬ್ಲೇಕ್, ಇಂಗ್ಲಿಷಿನ ಆ ದೊಡ್ಡ ಕವಿಯೇ. ಕನಿಷ್ಠ 13 ಚಿತ್ರಗಳಲ್ಲಿ ಅವನ ಸಹಿ ಇದೆ. ಕೊಕ್ಕೆಯ ಚಿತ್ರ, ಮರಕ್ಕೆ ಕಟ್ಟಿದ ಹುಡುಗಿಯ ಚಿತ್ರ ಎರಡೂ ಅವನ ಕೈಯಿಂದ ಬಂದವು. ಬ್ಲೇಕ್ ಸುರಿನಾಮ್ ನೋಡಿದವನಲ್ಲ, ಇಂಗ್ಲೆಂಡ್ ಬಿಟ್ಟು ಹೊರಗೇ ಹೋದವನಲ್ಲ. ಅಂದರೆ ನಮ್ಮ ಮುಂದೆ ಬರುವ ಚಿತ್ರ ಎರಡು ಕೈ ದಾಟಿ ಬಂದದ್ದು. ಅಷ್ಟಾದರೂ ಅಡಿಬರಹದಲ್ಲಿ ಇರಬೇಕು.

ಈಗ ಒಂದೊಂದೇ ಚಿತ್ರಕ್ಕೆ ಬರೋಣ.

ಕೊಕ್ಕೆಯ ಚಿತ್ರವನ್ನು ಸ್ಟೆಡ್‌ಮನ್ ಕಣ್ಣಾರೆ ನೋಡಿ ಬರೆದದ್ದಲ್ಲ. ಅಲ್ಲಿದ್ದ ಒಬ್ಬ ಬಿಳಿಯ ತಾನು ಕಂಡದ್ದು ಅಂತ ಹೇಳಿದ್ದನ್ನು ಇವನು ಬರೆದುಕೊಂಡ. ಪಕ್ಕೆಲುಬುಗಳ ನಡುವೆ ಸೀಳಿ, ಕಬ್ಬಿಣದ ಕೊಕ್ಕೆ ಸಿಕ್ಕಿಸಿ, ಸರಪಳಿಯಲ್ಲಿ ತೂಗುಹಾಕಿದ್ದರು. ತಲೆ ಕಾಲು ಎರಡೂ ಕೆಳಗೆ ಜೋತುಬಿದ್ದಿತ್ತು. ಮೂರು ದಿನ ಬದುಕಿದ್ದ. ಮಳೆಗಾಲ, ಊದಿಕೊಂಡ ಎದೆಯ ಮೇಲೆ ಇಳಿಯುವ ಹನಿಗಳನ್ನು ನಾಲಿಗೆಯಲ್ಲಿ ಹಿಡಿದು ಕುಡಿಯುತ್ತಿದ್ದ. ಒಂದು ಸಲವೂ ನರಳಲಿಲ್ಲ. ಆ ಗಲ್ಲುಗಂಬದ ಕೆಳಗೇ ಇನ್ನೊಬ್ಬ ಆಫ್ರಿಕನ್ನನಿಗೆ ಚಾಟಿಯಲ್ಲಿ ಹೊಡೆಯುತ್ತಿದ್ದಾಗ ಅವನು ಕೂಗಿಕೊಂಡ. ಮೇಲೆ ನೇತಾಡುತ್ತಿದ್ದವನು ಅವನನ್ನು ಬೈದನಂತೆ, ನೀನೊಬ್ಬ ಗಂಡಸಾ, ಹುಡುಗನ ಹಾಗೆ ಆಡ್ತೀಯಲ್ಲ ಅಂತ. ಕೊನೆಗೆ ಕಾವಲಿನ ಸಿಪಾಯಿಗೇ ತಡೆಯಲಾಗದೆ ಬಂದೂಕಿನ ಹಿಂಬದಿಯಿಂದ ತಲೆಗೆ ಹೊಡೆದು ಕೊಂದ.

ಚಿತ್ರದಲ್ಲಿ ನಮಗೆ ಕಾಣುವುದು ಬರೀ ಒಂದು ದೇಹ. ಬರಹದಲ್ಲಿ ಇರುವುದು ಒಬ್ಬ ಮನುಷ್ಯ, ಬಾಯಿ ಇರುವವನು, ಸಾಯುವ ಹೊತ್ತಲ್ಲೂ ಇನ್ನೊಬ್ಬನಿಗೆ ಗದರುವವನು. ಚಿತ್ರ ಹಾಕಿ ಬರಹ ಬಿಟ್ಟರೆ ಉಳಿಯುವುದು ಅಯ್ಯೋ ಪಾಪ ಅಷ್ಟೇ. ಅವನಿಗೆ ನಮ್ಮ ಅಯ್ಯೋ ಪಾಪ ಬೇಕಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಎರಡನೆಯ ಚಿತ್ರ, ಆ ಹುಡುಗಿಯದು. ಇದು ಸ್ಟೆಡ್‌ಮನ್ ತಾನೇ ಕಂಡದ್ದು. ವಯಸ್ಸು ಸುಮಾರು 18. ಒಂದು ತೋಟಕ್ಕೆ ಹೋದಾಗ ಅವಳನ್ನು ಮರಕ್ಕೆ ಕಟ್ಟಿ ಇಬ್ಬರು ಚಾಟಿಯಲ್ಲಿ ಹೊಡೆಯುತ್ತಿದ್ದರು. ಆಗಲೇ 200 ಏಟು ಬಿದ್ದಿತ್ತು. ಕುತ್ತಿಗೆಯಿಂದ ಹಿಮ್ಮಡಿಯವರೆಗೆ ರಕ್ತ. ಇವನು ಮೇಲ್ವಿಚಾರಕನ ಹತ್ತಿರ ಹೋಗಿ ಬಿಡಿಸಿ ಅಂತ ಬೇಡಿಕೊಂಡ. ಹೊರಗಿನವರು ನಡುವೆ ಬಾಯಿ ಹಾಕಿದರೆ ಶಿಕ್ಷೆ ದುಪ್ಪಟ್ಟು ಮಾಡುವುದು ನಮ್ಮಲ್ಲಿ ಪದ್ಧತಿ ಅಂದ ಅವನು, ಅಂದವನೇ ಮತ್ತೆ ಶುರು ಮಾಡಿಸಿದ. ಸ್ಟೆಡ್‌ಮನ್‌ಗೆ ಏನೂ ಮಾಡಲಾಗಲಿಲ್ಲ, ದೋಣಿಗೆ ಓಡಿದ. ಆಮೇಲೆ ವಿಚಾರಿಸಿದಾಗ ತಿಳಿದದ್ದು, ಅವಳ ಅಪರಾಧ ಒಂದೇ. ಹೊಡೆಸುತ್ತಿದ್ದ ಆ ಮೇಲ್ವಿಚಾರಕ ತನ್ನ ಜೊತೆ ಮಲಗು ಅಂದಿದ್ದ. ಇವಳು ಆಗಲ್ಲ ಅಂದಿದ್ದಳು.

ಈಗ ಆ ಥಂಬ್‌ನೇಲ್ ನೆನಪಿಸಿಕೊಳ್ಳಿ. ಚಿತ್ರವೇ ಸ್ವಲ್ಪ ತೊಡಕಿನದು, ಅದನ್ನೂ ಹೇಳಬೇಕು. ಹುಡುಗಿ ಮುಂದೆ ದೊಡ್ಡದಾಗಿ, ಚಂದವಾಗಿ, ಬಳುಕಿಕೊಂಡು ಇದ್ದಾಳೆ. ಹೊಡೆಯುವವರು ಹಿಂದೆ ಎಲ್ಲೋ ಸಣ್ಣದಾಗಿ ಇದ್ದಾರೆ. 1796ರಲ್ಲಿ ಆ ಪುಸ್ತಕ ಕೊಂಡ ದುಡ್ಡಿರುವ ಗಂಡಸರು ಇದನ್ನು ಬರೀ ಮರುಕದಿಂದ ನೋಡಿದರು ಅಂತ ನಾನು ನಂಬುವುದಿಲ್ಲ. ಅದೇ ನೋಟವನ್ನು ನಾವು ಕೆಂಪು ವೃತ್ತ ಹಾಕಿ ಮತ್ತೆ ಮಾರುತ್ತಿದ್ದೇವೆ. ಮೈ ಕೊಡಲ್ಲ ಅಂದಿದ್ದಕ್ಕೆ ಕಟ್ಟಿ ಹೊಡೆದ ಹುಡುಗಿಯ ಮೈಯನ್ನೇ ವ್ಯೂಸ್‌ಗೆ ಇಡುವುದು ಅಂದರೆ ಏನು ಅಂತ ಒಂದು ನಿಮಿಷ ಯೋಚನೆ ಮಾಡಿ. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಇನ್ನು ಆ ಪ್ರೇಮಕತೆ.

ಅವಳ ಹೆಸರು ಜೊವಾನಾ. ಸ್ಟೆಡ್‌ಮನ್ ಮೊದಲು ನೋಡಿದಾಗ ಅವಳಿಗೆ 15 ವರ್ಷ. ಅಪ್ಪ ಒಬ್ಬ ಡಚ್ ತೋಟದ ಮಾಲೀಕ, ಅಮ್ಮ ಬೇರೊಬ್ಬರ ತೋಟದ ಗುಲಾಮಳು. ಅಮ್ಮ ಗುಲಾಮಳಾದರೆ ಮಕ್ಕಳೂ ಗುಲಾಮರೇ, ಅಪ್ಪ ಯಾರಾದರೇನು. ಆ ಅಪ್ಪ ತನ್ನ ಮಕ್ಕಳನ್ನು ದುಡ್ಡು ಕೊಟ್ಟು ಬಿಡಿಸಲು ನೋಡಿದ, ಮಾಲೀಕ ಕೊಡಲಿಲ್ಲ. ಅಚ್ಚಾದ ಪುಸ್ತಕದಲ್ಲಿ ಸ್ಟೆಡ್‌ಮನ್ ಅವಳನ್ನು ಕಂಡು ಮರುಳಾದ, ಅವಳು ಮೊದಲು ಬೇಡ ಅಂದಳು, ಇವನು ಜ್ವರದಲ್ಲಿ ಮಲಗಿದ್ದಾಗ ಬಂದು ಆರೈಕೆ ಮಾಡಿದಳು, ಆಮೇಲೆ ಊರವರ ಪದ್ಧತಿಯಂತೆ ಮದುವೆಯಾಯಿತು ಅಂತೆಲ್ಲ ಬರುತ್ತದೆ. ಕಾದಂಬರಿ ಓದಿದ ಹಾಗೆಯೇ ಇದೆ. ಆದರೆ ಆ ದಿನಗಳಲ್ಲಿ ಇದೇ ಮನುಷ್ಯ ಬರೆದಿಟ್ಟ ದಿನಚರಿ ಉಳಿದುಕೊಂಡಿದೆ. ಅದರಲ್ಲಿ ಇಷ್ಟೇ ಇದೆ: ಅವಳ ತಾಯಿ ವ್ಯವಹಾರ ಕುದುರಿಸಲು ಬಂದಳು, ಸದ್ಯಕ್ಕೆ ಮುಂದಕ್ಕೆ ಹಾಕಿದೆವು. ಸುರಿನಾಮಿಗೆ ಬರುವ ಬಿಳಿ ಗಂಡಸರು ಇರುವಷ್ಟು ದಿನ ಹೀಗೆ ಒಬ್ಬಳನ್ನು ಮಾತಾಡಿಕೊಂಡು ಇಟ್ಟುಕೊಳ್ಳುವುದು ಅಲ್ಲಿನ ರೂಢಿ. ಅದನ್ನೇ 'ಸುರಿನಾಮ್ ಮದುವೆ' ಅನ್ನುತ್ತಿದ್ದರು. ವಾಪಸ್ ಹೋಗುವಾಗ ಅದು ತಾನಾಗೇ ಮುಗಿಯುತ್ತಿತ್ತು.

ಅವನಿಗೆ ಅವಳ ಮೇಲೆ ಪ್ರೀತಿಯೇ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಇತ್ತು ಅಂತಲೇ ಓದುವಾಗ ಅನ್ನಿಸುತ್ತದೆ. ಮಗನಿಗೆ ತನ್ನದೇ ಹೆಸರಿಟ್ಟ, ಜಾನಿ ಅಂತ. ಜೊವಾನಾಳನ್ನು ಗುಲಾಮಗಿರಿಯಿಂದ ಬಿಡಿಸಲು ಗೊಡೆಫ್ರಾಯ್ ಅನ್ನುವ ವಿಧವೆ ಸಾಲ ಕೊಟ್ಟಳು. ಆ ಸಾಲ ತೀರುವವರೆಗೆ ಆ ವಿಧವೆಯ ಹತ್ತಿರವೇ ಇರುತ್ತೇನೆ ಅಂದವಳು ಜೊವಾನಾ. ಯುರೋಪಿಗೆ ಬಾ ಅಂದಾಗ ಬರಲ್ಲ ಅಂದಳು. ನನಗೆ ಇಡೀ ಕತೆಯಲ್ಲಿ ಮುಖ್ಯ ಅನ್ನಿಸುವುದು ಇದೇ. ಅಲ್ಲಿ ತನ್ನನ್ನು ಯಾರು ಹೇಗೆ ನೋಡುತ್ತಾರೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನು 1777ರಲ್ಲಿ ಹಡಗು ಹತ್ತಿದ. 1782ರಲ್ಲಿ ಒಬ್ಬ ಡಚ್ ಹುಡುಗಿಯನ್ನು ಮದುವೆಯಾದ. ಅದೇ 1782ರಲ್ಲಿ ಜೊವಾನಾ ತೀರಿಕೊಂಡಳು, ಯಾರೋ ವಿಷ ಹಾಕಿದರು ಅಂತ ಸುದ್ದಿ. ಮಗ ಜಾನಿ ಅಪ್ಪನ ಹತ್ತಿರ ಇಂಗ್ಲೆಂಡಿಗೆ ಹೋದ, ಬ್ರಿಟಿಷ್ ನೌಕಾಪಡೆ ಸೇರಿದ, ಜಮೈಕಾದ ಹತ್ತಿರ ಸಮುದ್ರದಲ್ಲಿ ಸತ್ತ. ನಿಮ್ಮ ಪುರವಣಿಯಲ್ಲಿ ಬಂದ ಕತೆ ಮದುವೆಯಲ್ಲೇ ನಿಂತಿತ್ತು.

ಇನ್ನೊಂದು ಸಣ್ಣ ಸಂಗತಿ, ಯಾರೂ ಹೇಳುವುದಿಲ್ಲ. ಸ್ಟೆಡ್‌ಮನ್ ಜೊತೆ ಕ್ವಾಕೊ ಅಂತ ಒಬ್ಬ ಹುಡುಗ ಇದ್ದ, ಅವನ ಆಳು. ಕಾಡಲ್ಲಿ, ಜ್ವರದಲ್ಲಿ, ಎಲ್ಲ ಕಡೆ ಜೊತೆಗಿದ್ದ. ಅವನನ್ನು ಯುರೋಪಿಗೆ ಕರೆದುಕೊಂಡು ಹೋಗಿ ಕೊನೆಗೆ ಒಬ್ಬ ಶ್ರೀಮಂತ ಹೆಂಗಸಿಗೆ ಉಡುಗೊರೆಯಾಗಿ ಕೊಟ್ಟ. ಬರೆದವನು ಅದನ್ನು ಒಳ್ಳೆ ಕೆಲಸ ಅಂತಲೇ ಬರೆಯುತ್ತಾನೆ. ಗುಲಾಮಗಿರಿಯನ್ನು ಒಂದೇ ಸಲ ತೆಗೆದುಹಾಕಿ ಅಂತ ಅವನು ಎಲ್ಲೂ ಹೇಳಿದವನಲ್ಲ. ಯಜಮಾನರು ಸ್ವಲ್ಪ ಕರುಣೆ ತೋರಿಸಲಿ ಅನ್ನುವುದು ಅವನ ವಾದ. ಪುಸ್ತಕ ತೆರೆದ ಕೂಡಲೇ ಸಿಗುವ ಚಿತ್ರದಲ್ಲಿ ಅವನೇ ಬಂದೂಕಿನ ಜೊತೆ ನಿಂತಿದ್ದಾನೆ, ಕಾಲ ಬಳಿ ಒಬ್ಬ ಮರೂನ್ ಯುವಕ ಗುಂಡೇಟು ತಿಂದು ಬಿದ್ದಿದ್ದಾನೆ. ಕೆಳಗೆ ಒಂದು ಪದ್ಯ. ಬಿದ್ದವನು ನೀನು, ಆದರೆ ಗಾಯದ ನೋವು ನನಗೆ ಅನ್ನುವ ಅರ್ಥದಲ್ಲಿ ಮುಗಿಯುತ್ತದೆ. ಓದಿದಾಗ ಸಿಟ್ಟೂ ಬರುತ್ತದೆ, ಇವನ ಒಳಗೆ ಏನೋ ಕೊರೆಯುತ್ತಿತ್ತು ಅಂತಲೂ ಅನ್ನಿಸುತ್ತದೆ. ಹೊಡೆದವನೂ ತಾನೇ, ನೊಂದವನೂ ತಾನೇ. ಇದನ್ನು ಬಿಟ್ಟು ಅವನನ್ನು 'ಗುಲಾಮರ ಗೆಳೆಯ' ಅಂತ ಬರೆದರೆ ಹೇಗೆ?

ಅವನ ಮಾತೆಂದು ನಾವು ಓದುವುದೂ ಪೂರ್ತಿ ಅವನದಲ್ಲ, ಅದನ್ನೂ ಸೇರಿಸಿಕೊಳ್ಳಿ. 1790ರಲ್ಲಿ ಅವನು ಹಸ್ತಪ್ರತಿ ಮುಗಿಸಿದ್ದ. ಪ್ರಕಾಶಕ ಜೋಸೆಫ್ ಜಾನ್ಸನ್ ಅದನ್ನು ವಿಲಿಯಂ ಥಾಮ್ಸನ್ ಅನ್ನುವವನ ಕೈಗೆ ಕೊಟ್ಟು ತಿದ್ದಿಸಿದ. ಹಸಿಹಸಿಯಾಗಿದ್ದ ಎಷ್ಟೋ ಮಾತು ಸಭ್ಯವಾದವು, ಎಷ್ಟೋ ಅಭಿಪ್ರಾಯ ಬದಲಾದವು. ಸ್ಟೆಡ್‌ಮನ್ ಕೆಂಡವಾದ, ಪುಸ್ತಕದಲ್ಲಿ ಬರೀ ಸುಳ್ಳು ತುಂಬಿದ್ದಾರೆ ಅಂತ ಕೂಗಾಡಿದ. ಪುಸ್ತಕ ಬಂದ ಮರುವರ್ಷ, 1797ರಲ್ಲಿ, ಸತ್ತೂ ಹೋದ. ಆ ಹಸ್ತಪ್ರತಿ ಈಗ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ರಿಚರ್ಡ್ ಪ್ರೈಸ್, ಸ್ಯಾಲಿ ಪ್ರೈಸ್ ಅನ್ನುವ ಮಾನವಶಾಸ್ತ್ರಜ್ಞ ದಂಪತಿ ಅದನ್ನು ಇದ್ದದ್ದು ಇದ್ದ ಹಾಗೆ 1988ರಲ್ಲಿ ಅಚ್ಚು ಹಾಕಿಸಿದರು. ಅಂದರೆ ಹತ್ತಿರ ಹತ್ತಿರ 200 ವರ್ಷ ಜಗತ್ತು ತಿದ್ದಿದ ಪ್ರತಿಯನ್ನೇ ಓದಿತು. ಈಗಲೂ ನೆಟ್ಟಿನಲ್ಲಿ ಸುಲಭಕ್ಕೆ ಸಿಗುವುದು ಆ ಹಳೆಯದೇ. ಅದರಿಂದ ಒಂದು ಸಾಲು ಎತ್ತಿ ಹಾಕುವಾಗ ಯಾವ ಪ್ರತಿಯದು ಅಂತ ಬರೆದರೆ ಎಷ್ಟು ಜಾಗ ಹಿಡಿಯುತ್ತದೆ ಹೇಳಿ.

ನನ್ನ ದೊಡ್ಡ ದೂರು ಇನ್ನೂ ಉಳಿದಿದೆ. 80 ಚಿತ್ರಗಳಲ್ಲಿ ನಿಮಗೆ ಸಿಗುವುದು ಹಿಂಸೆಯ ಮೂರ್ನಾಲ್ಕು ಮಾತ್ರ ಯಾಕೆ? ಅದೇ ಪುಸ್ತಕದಲ್ಲಿ ಬಂದೂಕು ಹಿಡಿದು ಕಾವಲು ನಿಂತ ಮರೂನ್ ಯೋಧನ ಚಿತ್ರ ಇದೆ. ಸ್ವಾತಂತ್ರ್ಯ ಕೊಡುತ್ತೇವೆ ಅಂತ ಡಚ್ಚರು ಗುಲಾಮರಲ್ಲೇ ಆರಿಸಿ ತಮ್ಮವರ ಮೇಲೆಯೇ ಹೋರಾಡಲು ಕಳಿಸಿದ ಕೆಂಪು ಟೋಪಿ ದಳದವನ ಚಿತ್ರ ಇದೆ. ಕ್ವಾಸಿ ಅನ್ನುವ ನಾಟಿ ವೈದ್ಯನ ಚಿತ್ರ ಇದೆ, ಯುರೋಪಿನ ಉಡುಪು ತೊಟ್ಟು ಠೀವಿಯಿಂದ ನಿಂತಿದ್ದಾನೆ. ಅವನಿಂದ ತಿಳಿದ ಒಂದು ಕಹಿ ಗಿಡಕ್ಕೆ ಸಸ್ಯವಿಜ್ಞಾನಿ ಲಿನ್ನೇಯಸ್ ಅವನ ಹೆಸರನ್ನೇ ಇಟ್ಟ. ಆದರೆ ಮರೂನರಿಗೆ ಇದೇ ಕ್ವಾಸಿ ಬಿಳಿಯರ ಪರ ನಿಂತ ದ್ರೋಹಿ. ಇಂಥ ಗೋಜಲು ಇದ್ದಾಗಲೇ ಅಲ್ವಾ ಇತಿಹಾಸ ಅನ್ನುವುದು? ನಮ್ಮ ಮಕ್ಕಳಿಗೆ ಬರೀ ಕಟ್ಟಿಹಾಕಿದ ಕಪ್ಪು ಮೈ ತೋರಿಸಿ ತೋರಿಸಿ, ಆಫ್ರಿಕದವರು ಅಂದರೆ ಏಟು ತಿನ್ನುವವರು ಅಂತ ಮನಸ್ಸಿನಲ್ಲಿ ಕೂರಿಸುತ್ತಿದ್ದೇವೆ.

ಕಾಡಿನಲ್ಲಿ ಆಗಿದ್ದೇನು ಅಂತ ಸ್ವಲ್ಪ ಹೇಳಲೇಬೇಕು. ಸ್ಟೆಡ್‌ಮನ್ ಪ್ರಕಾರ ಅವರ ಪಡೆಯಲ್ಲಿ ಹೋದವರು 1,200ರಷ್ಟು, ಊರು ಕಂಡವರು 100 ಕೂಡ ಇಲ್ಲ. ಗುಂಡೇಟಿಗಿಂತ ಜ್ವರ, ಭೇದಿ, ಜೌಗು ನೆಲದ ಹುಣ್ಣುಗಳೇ ಕೊಂದವು. ಇವನು ಬದುಕಿದ್ದು ಒಬ್ಬ ಆಫ್ರಿಕನ್ ಮುದುಕ ಹೇಳಿದ ಬುದ್ಧಿ ಕೇಳಿ. ಬೂಟು ಬಿಚ್ಚಿ ಬರಿಗಾಲಲ್ಲಿ ನಡಿ, ದಿನಾ ಹೊಳೆಯಲ್ಲಿ ಈಜು ಅಂದಿದ್ದನಂತೆ. 1775ರಲ್ಲಿ ಗಾಡೊ ಸಾಬಿ ಅನ್ನುವ ಮರೂನ್ ಹಳ್ಳಿಯ ಮೇಲೆ ದಾಳಿ ಮಾಡಿದಾಗ ಆ ಕಡೆಯವರಿಗೆ ಸೀಸದ ಗುಂಡು ಮುಗಿದಿತ್ತು. ಬೆಣಚುಕಲ್ಲು, ಕೋಟಿನ ಗುಂಡಿ, ಬೆಳ್ಳಿ ನಾಣ್ಯ ತುಂಬಿ ಹೊಡೆದರು. ಡಚ್ ಪಡೆಯವರಿಗೆ ಗಾಯದಲ್ಲಿ ಸಿಕ್ಕಿದ್ದೂ ಅವೇ. ರಾತ್ರಿ ಕತ್ತಲಲ್ಲಿ ಎರಡೂ ಕಡೆಯಿಂದ ಬೈದಾಟ. ಮರೂನರು ಕೂಗಿ ಹೇಳಿದ್ದನ್ನು ಸ್ಟೆಡ್‌ಮನ್ ಬರೆದಿಟ್ಟಿದ್ದಾನೆ: ನಮಗಿಂತ ನಿಮ್ಮ ಪಾಡೇ ಕಷ್ಟ, ನೀವು ಬಿಳಿ ಗುಲಾಮರು, ದಿನಕ್ಕೆ ನಾಲ್ಕು ಕಾಸಿಗೆ ಹಸಿದುಕೊಂಡು ಗುಂಡು ತಿನ್ನೋಕೆ ಬಂದಿದ್ದೀರಿ! ಇದಕ್ಕಿಂತ ಒಳ್ಳೆ ಅಡಿಬರಹ ಬೇಕಾ?

ನೆಪ್ಚೂನ್ ಅನ್ನುವವನ ಕತೆಯೂ ಹಾಗೇ. ಅವನು ಗುಲಾಮನೂ ಅಲ್ಲ, ಸ್ವತಂತ್ರ ಬಡಗಿ. ಒಂದು ಕುರಿ ಕದ್ದ ವಿಷಯದಲ್ಲಿ ಶುರುವಾಗಿ ಒಬ್ಬ ಮೇಲ್ವಿಚಾರಕನ ಕೊಲೆಯವರೆಗೆ ಹೋಯಿತು. ಪರಮಾರಿಬೊ ಊರಿನಲ್ಲಿ ಎಲ್ಲರ ಮುಂದೆ ಅವನನ್ನು ಮರದ ಶಿಲುಬೆಗೆ ಮಲಗಿಸಿ ಕಟ್ಟಿ, ಎಡಗೈ ಕಡಿದು, ಕಬ್ಬಿಣದ ಸಲಾಕೆಯಿಂದ ಮೂಳೆಗಳನ್ನು ಒಂದೊಂದಾಗಿ ಮುರಿದರು. ಅವನು ಹಾಡಿದ, ಬೈದ, ಹೊಗೆಸೊಪ್ಪು ಕೇಳಿದ. ಪಕ್ಕದಲ್ಲಿ ಕಾವಲಿನ ಸಿಪಾಯಿ ಒಣ ಬ್ರೆಡ್ ತಿನ್ನುತ್ತಿದ್ದ. ಬಿಳಿಯನಾಗಿ ಮಾಂಸ ಇಲ್ಲದೆ ಬ್ರೆಡ್ ತಿನ್ನುತ್ತೀಯಲ್ಲ ಅಂತ ನೆಪ್ಚೂನ್ ಕೇಳಿದ. ಅಷ್ಟು ದುಡ್ಡಿಲ್ಲಪ್ಪ ಅಂದ ಸಿಪಾಯಿ. ಹಾಗಾದರೆ ಅಗೋ, ಆ ಕಡಿದ ನನ್ನ ಕೈ ಇದೆಯಲ್ಲ, ಅದನ್ನು ನೆಂಚಿಕೋ ಅಂದ. ಈ ಚಿತ್ರವೂ ಬ್ಲೇಕ್ ಕೊರೆದದ್ದೇ, ಇದೂ ನಿಮ್ಮಲ್ಲಿ ಬಂದಿದೆ. ನೆಪ್ಚೂನ್ ಅನ್ನುವ ಹೆಸರು ಮಾತ್ರ ಬಂದಿಲ್ಲ. ಸಾಯಿಸಿದವರು ಅವನಿಗೆ ಹೆಸರಿಲ್ಲದ ಹಾಗೆ ಮಾಡಲಿಲ್ಲ, ಆ ಕೆಲಸ ನಾವು ಮಾಡಿದೆವು.

ಇದೆಲ್ಲ ಎಲ್ಲೋ ದೂರದ ದೇಶದ್ದು, ನಮಗ್ಯಾಕೆ ಅಂತ ಕೆಲವರು ಕೇಳಬಹುದು. ನಮ್ಮ ಪತ್ರಿಕೆಗಳಲ್ಲಿ ಸುರಿನಾಮ್ ಸುದ್ದಿಯಾಗಿದ್ದು 2020ರಲ್ಲಿ, ಭಾರತ ಮೂಲದ ಅಲ್ಲಿನ ಹೊಸ ಅಧ್ಯಕ್ಷರು ಪ್ರಮಾಣವಚನದಲ್ಲಿ ಸಂಸ್ಕೃತ ಶ್ಲೋಕ ಹೇಳಿದಾಗ. ಎಲ್ಲರಿಗೂ ಹೆಮ್ಮೆ. ಭಾರತೀಯರು ಅಲ್ಲಿಗೆ ಹೇಗೆ ಹೋದರು ಅಂತ ಯಾರೂ ಬರೆಯಲಿಲ್ಲ. ಡಚ್ಚರು ಸುರಿನಾಮಿನಲ್ಲಿ ಗುಲಾಮಗಿರಿ ತೆಗೆದಿದ್ದು 1863ರ ಜುಲೈ 1ಕ್ಕೆ. ಪರಿಹಾರ ಸಿಕ್ಕಿದ್ದು ಮಾಲೀಕರಿಗೆ, ತಲೆಗೆ 300 ಗಿಲ್ಡರ್ (ಡಚ್ಚರ ಆಗಿನ ಹಣ). ಬಿಡುಗಡೆಯಾದವರು ಇನ್ನೂ 10 ವರ್ಷ ಸರ್ಕಾರದ ಕಣ್ಗಾವಲಿನಲ್ಲಿ ತೋಟಗಳಲ್ಲೇ ದುಡಿಯಬೇಕು ಅಂತ ಕಾಯ್ದೆ. ಆ 10 ವರ್ಷ ಮುಗಿಯುವುದು 1873ರಲ್ಲಿ. ಅದೇ ವರ್ಷದ ಜೂನಿನಲ್ಲಿ ಕಲ್ಕತ್ತೆಯಿಂದ ಹೊರಟ 'ಲಲ್ಲಾ ರೂಖ್' ಹಡಗು ಸುರಿನಾಮ್ ತಲುಪಿತು, 399 ಜನ ಕೂಲಿಗಳನ್ನು ಹೊತ್ತು. 1916ರ ತನಕ ಹೋದವರು 34,000ಕ್ಕೂ ಜಾಸ್ತಿ, ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶದ ಕಡೆಯವರು. ಕರಾರು ಪತ್ರ ಇತ್ತು, ಮಾರುವಂತಿರಲಿಲ್ಲ, ಆ ವ್ಯತ್ಯಾಸ ಸಣ್ಣದಲ್ಲ. ಆದರೆ ತೋಟ ಅದೇ, ಕೆಲಸ ಅದೇ. ಆ ಚಿತ್ರದ ಹುಡುಗಿ ನಿಂತಿದ್ದ ನೆಲದಲ್ಲೇ ನಮ್ಮ ದೇಶದವರು ಕಬ್ಬು ಕಡಿದರು.

ಇನ್ನೂ ಹತ್ತಿರಕ್ಕೆ ಬರುವುದಾದರೆ ಉತ್ತರ ಕನ್ನಡಕ್ಕೆ ಬನ್ನಿ. ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡಂಚಿನಲ್ಲಿರುವ ಸಿದ್ದಿ ಜನರ ಹಿರಿಯರನ್ನು ಆಫ್ರಿಕದಿಂದ ತಂದವರಲ್ಲಿ ಪೋರ್ಚುಗೀಸರು ಮುಖ್ಯರು. ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರೂ ಅವರಲ್ಲಿದ್ದರು. ಇಲ್ಲಿನ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ನಿಮ್ಮ ಲೇಖನಗಳಲ್ಲಿ ಗುಲಾಮಗಿರಿ ಅಂದರೆ ಮಿಸಿಸಿಪ್ಪಿ, ಸಿದ್ದಿ ಅಂದರೆ ದಮಾಮಿ ಕುಣಿತ. ಎರಡೂ ಒಂದೇ ಚರಿತ್ರೆಯ ತುಂಡು ಅಂತ ಒಂದು ಪುಟದಲ್ಲಾದರೂ ಬರಲಿ.

ಡಚ್ ಪ್ರಧಾನಿ 2022ರ ಡಿಸೆಂಬರಿನಲ್ಲಿ, ಅವರ ರಾಜ 2023ರ ಜುಲೈ 1ರಂದು ಗುಲಾಮಗಿರಿಗೆ ಕ್ಷಮೆ ಕೇಳಿದರು. ಆಗಲೂ ನಮ್ಮಲ್ಲಿ ಒಂದೆರಡು ಕಡೆ ಸುದ್ದಿ ಬಂತು. ಚಿತ್ರ ಯಾವುದು ಅಂತ ಊಹಿಸಿ.

ಹಾಗಾಗಿ ನಾನು ಕೇಳಿಕೊಳ್ಳುವುದು ಇಷ್ಟು. ಚಿತ್ರ ಹಾಕಬೇಡಿ ಅಂತ ನಾನು ಹೇಳುವುದಿಲ್ಲ, ಹಾಕಿ. ಆದರೆ ಯಾವ ದೇಶ, ಯಾವ ವರ್ಷ, ಬರೆದವನು ಯಾರು, ಅವನು ಅಲ್ಲಿ ಏನು ಮಾಡುತ್ತಿದ್ದ ಅನ್ನುವುದನ್ನು ಕೆಳಗೆ ಬರೆಯಿರಿ. ಸುರಿನಾಮಿನ ಚಿತ್ರವನ್ನು ಅಮೆರಿಕದ ಕತೆಗೆ ಅಂಟಿಸಬೇಡಿ, ಅಮೆರಿಕದ್ದೇ ಬೇಕಾದಷ್ಟು ಫೋಟೊಗಳಿವೆ. ಕತ್ತರಿಸುವುದಾದರೆ ಹಡಗನ್ನು ಕತ್ತರಿಸಬೇಡಿ, ಇಡೀ ವ್ಯಾಪಾರ ನಡೆದಿದ್ದೇ ಅದರಿಂದ. ಆ ಹುಡುಗಿಯ ಚಿತ್ರವನ್ನು ಥಂಬ್‌ನೇಲಿಗೆ ಬಳಸಲೇಬೇಡಿ, ಇದೊಂದರಲ್ಲಿ ನನ್ನದು ಬೇಡಿಕೆ ಅಲ್ಲ, ಜಗಳ. ಜೊವಾನಾ ಬಗ್ಗೆ ಬರೆಯುವವರು ದಿನಚರಿಯಲ್ಲಿ ಏನಿದೆ ಅಂತ ನೋಡಿ ಬರೆಯಲಿ. ಪಠ್ಯಪುಸ್ತಕ ಮಾಡುವವರು ಹಿಂಸೆಯ ಒಂದು ಚಿತ್ರ ಹಾಕಿದರೆ ಪಕ್ಕದಲ್ಲಿ ಆ ಬಂದೂಕು ಹಿಡಿದ ಮರೂನನದೂ ಒಂದು ಹಾಕಲಿ. ಮೂಲ ಚಿತ್ರಗಳು ದೊಡ್ಡ ಗ್ರಂಥಾಲಯಗಳ ತಾಣಗಳಲ್ಲಿ ಪುಕ್ಕಟೆ ಸಿಗುತ್ತವೆ, ಯಾರದೋ ಪೋಸ್ಟಿನಿಂದ ಮಸುಕಾದ ಪ್ರತಿ ಎತ್ತುವ ಅಗತ್ಯ ಇಲ್ಲ.

ಅಡಿಬರಹ ಬರೆಯಲು ಪುರುಸೊತ್ತಿಲ್ಲ ಅನ್ನುವವರಿಗೆ ಒಂದನ್ನು ನಾನೇ ಬರೆದುಕೊಡುತ್ತೇನೆ, ನನ್ನ ಹೆಸರೇನೂ ಬೇಡ: 'ಸುರಿನಾಮ್, 1770ರ ದಶಕ. ಮೇಲ್ವಿಚಾರಕನ ಜೊತೆ ಮಲಗಲು ಒಪ್ಪದ ಹುಡುಗಿಗೆ 200ಕ್ಕೂ ಹೆಚ್ಚು ಚಾಟಿ ಏಟು. ಓಡಿಹೋದ ಗುಲಾಮರನ್ನು ಹಿಡಿಯಲು ಹೋಗಿದ್ದ ಸೈನಿಕ ಜಾನ್ ಗೇಬ್ರಿಯಲ್ ಸ್ಟೆಡ್‌ಮನ್ ಕಂಡು ಬರೆದದ್ದು. ಲಂಡನ್ನಿನಲ್ಲಿ ತಾಮ್ರದ ತಗಡಿಗೆ ಕೊರೆದದ್ದು ವಿಲಿಯಂ ಬ್ಲೇಕ್. ಪುಸ್ತಕ ಪ್ರಕಟವಾದದ್ದು 1796ರಲ್ಲಿ.'

ಉದ್ದ ಆಯಿತು ಅನ್ನಿಸಿದರೆ ಬ್ಲೇಕ್‌ನ ಹೆಸರು ತೆಗೆಯಿರಿ, ಪರವಾಗಿಲ್ಲ. ಸುರಿನಾಮ್ ಅನ್ನುವುದನ್ನೂ, ಅವಳು ಒಪ್ಪಲಿಲ್ಲ ಅನ್ನುವುದನ್ನೂ ಮಾತ್ರ ತೆಗೆಯಬೇಡಿ.

ಇಂತಿ ನಿಮ್ಮ ಓದುಗಳು,
ಇತಿಹಾಸದ ಒಬ್ಬ ಉಪನ್ಯಾಸಕಿ